ತಡವಾಗಿ ಏಳುವವರ ಗಡಿಯಾರ

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ವಿಜಯ್ ಕುಮಾರ್ ಶರ್ಮಾ ಮತ್ತು ಅವರ ವಿದ್ಯಾರ್ಥಿಗಳು ಹಣ್ಣುನೊಣಗಳನ್ನು ಸಾಕಿ ಒಂದು ದೀರ್ಘ ಪ್ರಯೋಗ ಮಾಡಿದರು. ಬಾಳೆಹಣ್ಣು ಕಳಿತಾಗ ಅಡುಗೆಮನೆಯಲ್ಲಿ ಮುತ್ತುತ್ತವಲ್ಲ, ಅದೇ ಪುಟ್ಟ ನೊಣ. ಬೆಳಗಿನ ಹೊತ್ತು ಕೋಶ ಒಡೆದು ಹೊರಬರುವ ನೊಣಗಳನ್ನಷ್ಟೇ ಆರಿಸಿ ಒಂದು ಸಂತತಿ ಬೆಳೆಸಿದರು. ಸಂಜೆ ಹೊರಬರುವವುಗಳಿಂದ ಇನ್ನೊಂದು. ಹೀಗೆ 55 ತಲೆಮಾರು ಕಳೆದ ಮೇಲೆ ಎರಡನ್ನೂ ಕತ್ತಲಲ್ಲಿಟ್ಟು ಅಳೆದರು. ಬೆಳಗಿನ ಸಂತತಿಯ ಒಳಗಡಿಯಾರ ದಿನದ ಸುತ್ತನ್ನು ಬೇಗ ಮುಗಿಸುತ್ತಿತ್ತು, ಸಂಜೆಯ ಸಂತತಿಯದು ನಿಧಾನವಾಗಿ. 2007ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ದಿನದ ಯಾವ ಹೊತ್ತಿಗೆ ಜೀವ ಚುರುಕಾಗಬೇಕು ಎಂಬುದು ವಂಶದಲ್ಲಿ ಹರಿದು ಬರುತ್ತದೆ ಎನ್ನಲು ಇಷ್ಟು ನೇರವಾದ ಸಾಕ್ಷಿ ನಮ್ಮ ಊರಿನಲ್ಲೇ ಸಿಕ್ಕಿದೆ.

ನಮ್ಮ ಮನೆಗಳಲ್ಲಿ ಇದೇ ಸಂಗತಿಗೆ ಬೇರೆ ಹೆಸರುಗಳಿವೆ. ಬಿಸಿಲೇರಿದ ಮೇಲೆ ಏಳುವವನು ಸೋಮಾರಿ, ಕುಂಭಕರ್ಣ. ಸೊಸೆ ಏಳುವ ಹೊತ್ತನ್ನು ನೋಡಿ ಅವಳ ತವರಿನ ಸಂಸ್ಕಾರ ಅಳೆಯುವವರಿದ್ದಾರೆ. ನಾನು ಬೇಗ ಏಳುವವನು. ನಾಲ್ಕೂವರೆಗೆ ತಾನಾಗಿ ಕಣ್ಣು ಬಿಡುತ್ತದೆ, ಅದಕ್ಕಾಗಿ ನಾನೇನೂ ಕಷ್ಟಪಟ್ಟಿಲ್ಲ. ಆದರೂ ಚಿಕ್ಕಂದಿನಿಂದ ಅದಕ್ಕೆ ಮೆಚ್ಚುಗೆ ಪಡೆದೆ. ಅದೇ ಮನೆಯಲ್ಲಿ, ಅದೇ ಚಾಪೆಯ ಇನ್ನೊಂದು ತುದಿಯಲ್ಲಿ ಮಲಗುತ್ತಿದ್ದ ನನ್ನ ತಮ್ಮ ಬೈಗುಳ ತಿಂದ. ರಾತ್ರಿ ಹನ್ನೊಂದರ ಮೇಲೆ ಅವನು ಒಬ್ಬನೇ ಕೂತು ಬಿಡಿಸುತ್ತಿದ್ದ ಲೆಕ್ಕಗಳನ್ನು ನೋಡಲು ಎಚ್ಚರವಿದ್ದವರು ಯಾರೂ ಇರಲಿಲ್ಲ. ಅವನಿಗಾದ ಅನ್ಯಾಯ ಎಷ್ಟೆಂದು ನನಗೆ ತಿಳಿದದ್ದು ಈ ವಿಜ್ಞಾನವನ್ನು ಓದಿದ ಮೇಲೆ.

ಮಿದುಳಿನ ಬುಡದಲ್ಲಿ, ಎರಡು ಕಣ್ಣುಗಳ ನರಗಳು ಒಂದನ್ನೊಂದು ಹಾದುಹೋಗುವ ಜಾಗದ ತುಸು ಮೇಲೆ, ಸುಮಾರು 20,000 ನರಕೋಶಗಳ ಒಂದು ಗುಂಪಿದೆ. ದೇಹದ ಬಹುತೇಕ ಕೋಶಗಳಲ್ಲಿ ಪುಟ್ಟ ಪುಟ್ಟ ಗಡಿಯಾರಗಳಿವೆ. ಅವೆಲ್ಲ ಒಂದೇ ತಾಳಕ್ಕೆ ನಡೆಯುವಂತೆ ನೋಡಿಕೊಳ್ಳುವುದು ಈ ಗುಂಪು. ಕೋಶದೊಳಗಿನ ಕೆಲಸ ಸರಳವಾಗಿದೆ, ಸುಂದರವಾಗಿಯೂ ಇದೆ. ಒಂದು ಜೀನ್‌ನ ಸೂಚನೆಯಂತೆ ಒಂದು ಪ್ರೋಟೀನ್ ತಯಾರಾಗುತ್ತ ಹೋಗುತ್ತದೆ. ಸಾಕಷ್ಟು ಕೂಡಿದಾಗ ಅದು ಕೋಶಕೇಂದ್ರದೊಳಕ್ಕೆ ಹೊಕ್ಕು, ತನ್ನನ್ನು ಹುಟ್ಟಿಸಿದ ಜೀನ್‌ನ ಕೆಲಸವನ್ನೇ ತಡೆಯುತ್ತದೆ. ಪ್ರೋಟೀನ್ ಮೆಲ್ಲಗೆ ಸವೆದು ಮುಗಿದ ಮೇಲೆ ಜೀನ್ ಮತ್ತೆ ಚಾಲೂ. ಏತ ಇಳಿದು ಏರುವ ಹಾಗೆ, ಒಂದು ಇಳಿಯೇರಿಗೆ ಹತ್ತಿರಹತ್ತಿರ 24 ಗಂಟೆ.

ಈ ಜೀನ್ ಸಿಕ್ಕ ಕಥೆಯೂ ನೊಣಗಳದೇ. 1971ರಲ್ಲಿ ಅಮೆರಿಕದ ಕ್ಯಾಲ್ಟೆಕ್‌ನಲ್ಲಿ ರೊನಾಲ್ಡ್ ಕೊನೋಪ್ಕಾ ಮತ್ತು ಸೈಮರ್ ಬೆಂಜರ್ ಮೂರು ಬಗೆಯ ವಿಚಿತ್ರ ಹಣ್ಣುನೊಣಗಳನ್ನು ಕಂಡುಹಿಡಿದರು. ಒಂದರ ದಿನ 19 ಗಂಟೆಯದು, ಇನ್ನೊಂದರದು 28 ಗಂಟೆ, ಮೂರನೆಯದಕ್ಕೆ ದಿನದ ಲಯವೇ ಇಲ್ಲ. ಮೂರರಲ್ಲೂ ಕೆಟ್ಟಿದ್ದದ್ದು ಒಂದೇ ಜೀನ್. ಅದಕ್ಕೆ ‘ಪೀರಿಯಡ್’ ಎಂದು ಹೆಸರಾಯಿತು. ಅದು ಕೆಲಸ ಮಾಡುವ ಬಗೆಯನ್ನು ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕೆಲ್ ರೊಸ್ಬಾಶ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು.

ಮನುಷ್ಯರಲ್ಲೂ ಇದೇ ಜೀನ್‌ನ ನೆಂಟರಿದ್ದಾರೆ. ಅಮೆರಿಕದ ಯೂಟಾ ರಾಜ್ಯದ ಒಂದು ಕುಟುಂಬದಲ್ಲಿ ತಲೆಮಾರುಗಳಿಂದ ಹಲವರಿಗೆ ಸಂಜೆ ಏಳೂವರೆಗೇ ಕಣ್ಣೆಳೆಯುತ್ತಿತ್ತು, ನಾಲ್ಕೂವರೆಗೆ ಎಚ್ಚರ. ಕಾರಣ ಹುಡುಕಿದಾಗ, 2001ರಲ್ಲಿ, ‘ಪರ್2’ ಎಂಬ ಪ್ರೋಟೀನ್‌ನ ಒಂದೇ ಒಂದು ಅಮೈನೋ ಆಮ್ಲ ಬದಲಾಗಿದ್ದದ್ದು ಕಂಡಿತು. 2017ರಲ್ಲಿ ಇದಕ್ಕೆ ತದ್ವಿರುದ್ಧವಾದದ್ದೂ ಸಿಕ್ಕಿತು: ‘ಕ್ರೈ1’ ಎಂಬ ಜೀನ್‌ನಲ್ಲಿ ಒಂದು ಬದಲಾವಣೆಯಿದ್ದವರಿಗೆ ನಿದ್ದೆ ಎರಡು ಗಂಟೆಗೂ ಹೆಚ್ಚು ತಡವಾಗಿ ಬರುತ್ತದೆ. ಇವು ಅಪರೂಪದ ದೊಡ್ಡ ಬದಲಾವಣೆಗಳು. ಉಳಿದ ನಮ್ಮೆಲ್ಲರಲ್ಲಿ ಇರುವುದು ನೂರಾರು ಸಣ್ಣ ಬದಲಾವಣೆಗಳ ಕೂಡುಲೆಕ್ಕ. 2019ರಲ್ಲಿ ಸುಮಾರು 7 ಲಕ್ಷ ಜನರ ಮಾಹಿತಿ ಜಾಲಾಡಿದ ಅಧ್ಯಯನಕ್ಕೆ, ಬೇಗ ಅಥವಾ ತಡವಾಗಿ ಏಳುವ ಗುಣಕ್ಕೆ ನಂಟಿರುವ 351 ತಾಣಗಳು ವರ್ಣತಂತುಗಳಲ್ಲಿ ಕಂಡವು.

ಇದರ ಮೇಲೆ ವಯಸ್ಸು ಬೇರೆ. ಹರೆಯ ಬಂದಂತೆ ಗಡಿಯಾರ ಹಿಂದೆ ಸರಿಯುತ್ತ ಹೋಗಿ, ಇಪ್ಪತ್ತರ ಸುಮಾರಿಗೆ ಅತಿ ತಡದ ಹಂತ ಮುಟ್ಟಿ, ಆಮೇಲೆ ನಿಧಾನಕ್ಕೆ ಮುಂದಕ್ಕೆ ಮರಳುತ್ತದೆ. ನಾಲ್ಕಕ್ಕೇ ಎದ್ದ ತಾತ ಎಂಟಾದರೂ ಏಳದ ಮೊಮ್ಮಗನನ್ನು ಬಯ್ಯುವಾಗ, ಇಬ್ಬರ ದೇಹವೂ ತಂತಮ್ಮ ವಯಸ್ಸಿಗೆ ಸರಿಯಾಗಿಯೇ ನಡೆದಿರುತ್ತದೆ.

ಪ್ರಕೃತಿ ಇಷ್ಟು ಬಗೆಯ ಗಡಿಯಾರಗಳನ್ನು ಯಾಕೆ ಉಳಿಸಿಕೊಂಡಿತು? ಟಾಂಜಾನಿಯಾದ ಹಾಡ್ಜಾ ಜನ ಇಂದಿಗೂ ಬೇಟೆಯಾಡಿ, ಗೆಡ್ಡೆಗೆಣಸು ಅಗೆದು ಬದುಕುವವರು. ಅವರಲ್ಲಿ 33 ವಯಸ್ಕರ ಕೈಗೆ ಚಲನೆ ಅಳೆಯುವ ಸಾಧನ ಕಟ್ಟಿ 20 ದಿನ ಗಮನಿಸಲಾಯಿತು. ಆ 20 ದಿನಗಳಲ್ಲಿ ಎಲ್ಲರೂ ಒಟ್ಟಿಗೆ ನಿದ್ದೆಯಲ್ಲಿದ್ದದ್ದು ಎಲ್ಲ ಸೇರಿ 18 ನಿಮಿಷ ಮಾತ್ರ. ಬಯಲಲ್ಲಿ ಮಲಗುವ ಗುಂಪಿಗೆ ಯಾರಾದರೂ ಒಬ್ಬರು ಎಚ್ಚರವಿರುವುದೇ ಕಾವಲು, ಹಿಂದೆ ಮನುಷ್ಯರನ್ನು ಕಾಪಾಡಿದ್ದು ಈ ವೈವಿಧ್ಯವೇ ಇರಬೇಕು ಎಂಬುದು ಸಂಶೋಧಕರ ವಿವರಣೆ. ನನಗೆ ಇದು ಒಪ್ಪುವ ಮಾತಾಗಿ ಕಾಣುತ್ತದೆ. ಇವತ್ತಿಗೂ ನಡುರಾತ್ರಿ ಆಸ್ಪತ್ರೆಯಲ್ಲಿ ಎಚ್ಚರವಿರುವ ನರ್ಸಮ್ಮ, ರಾತ್ರಿ ಬಸ್ಸಿನ ಚಾಲಕ, ಬೆಳಗಿನವರೆಗೂ ಆಟ ಕಟ್ಟುವ ಯಕ್ಷಗಾನದ ಭಾಗವತರು ಇಲ್ಲದೆ ನಮ್ಮ ಬದುಕು ನಡೆಯುವುದಿಲ್ಲ.

ಎಲ್ಲವೂ ಹುಟ್ಟಿನಿಂದಲೇ ಎಂದು ನಾನು ಹೇಳುತ್ತಿಲ್ಲ. ಅವಳಿಗಳ ಅಧ್ಯಯನಗಳು ಅರ್ಧದಷ್ಟನ್ನು ಮಾತ್ರ ವಂಶಕ್ಕೆ ಬಿಡುತ್ತವೆ. ರಾತ್ರಿ ಕಣ್ಣಿಗೆ ಹತ್ತಿರ ಹಿಡಿದ ಮೊಬೈಲಿನ ಬೆಳಕು ಗಡಿಯಾರವನ್ನು ಇನ್ನಷ್ಟು ತಡಮಾಡುತ್ತದೆ, ಬೆಳಗಿನ ಎಳೆಬಿಸಿಲು ಮುಂದಕ್ಕೆ ತರುತ್ತದೆ. ಹಾಗಾಗಿ ಸ್ವಲ್ಪ ತಿದ್ದಿಕೊಳ್ಳಬಹುದು. ಆದರೆ ಬೈಗುಳಕ್ಕೆ ಗಡಿಯಾರ ತಿರುಗಿಸುವ ಶಕ್ತಿಯಿಲ್ಲ. ಬೈಸಿಕೊಂಡವರು ನಿದ್ದೆಗೆಟ್ಟು ಏಳುತ್ತಾರೆ, ಅಷ್ಟೇ.

ಅಮೆರಿಕದ ಸಿಯಾಟಲ್ ನಗರ 2016ರಲ್ಲಿ ಪ್ರೌಢಶಾಲೆಗಳ ಗಂಟೆಯನ್ನು 7.50ರಿಂದ 8.45ಕ್ಕೆ ಸರಿಸಿತು. ಮಕ್ಕಳು ಇನ್ನೂ ತಡವಾಗಿ ಮಲಗುತ್ತಾರೆಂಬ ಭಯ ಸುಳ್ಳಾಯಿತು. ಅವರ ನಿದ್ದೆ ದಿನಕ್ಕೆ 34 ನಿಮಿಷ ಹೆಚ್ಚಿತು. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಪ್ರೌಢಶಾಲೆಗಳು ಎಂಟೂವರೆಗಿಂತ ಮುಂಚೆ ಶುರುವಾಗಬಾರದೆಂಬ ಕಾನೂನೇ ಬಂದಿದೆ.

ನಮ್ಮಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ ಬಂತೆಂದರೆ ನಾಲ್ಕು ಗಂಟೆಗೆ ದೀಪ ಹಾಕಿ ಮಕ್ಕಳನ್ನು ಎಬ್ಬಿಸುವುದು ರೂಢಿ. ನಿಮ್ಮ ಮನೆಯಲ್ಲಿ ಆ ವಯಸ್ಸಿನ ಮಗುವಿದ್ದರೆ, ಒಂದು ರಜೆಯ ವಾರ ಮೊಬೈಲನ್ನು ಬದಿಗಿಡಿಸಿ, ಅದು ತಾನಾಗಿ ಯಾವಾಗ ಮಲಗುತ್ತದೆ, ಯಾವಾಗ ಏಳುತ್ತದೆ ಎಂದು ಕ್ಯಾಲೆಂಡರಿನ ಮೇಲೆ ಬರೆದಿಡಿ. ಓದಿನ ವೇಳಾಪಟ್ಟಿಯನ್ನು ಆ ಬರಹ ನೋಡಿಕೊಂಡು ಹಾಕಿ.