ಗುಂಡಿ ಒತ್ತಿ ತೀರ್ಮಾನಿಸಬಹುದೆ?



ಪ್ರತಿ ವಿಷಯಕ್ಕೂ ಜನರೇ ಯಂತ್ರದಲ್ಲಿ ಮತ ಹಾಕಿ ತೀರ್ಮಾನಿಸಲಿ, ನಡುವೆ ಶಾಸಕರೇಕೆ ಎಂದು ಕೆಲವು ಯುವ ಬೆಳೆಗಾರರು ಕೇಳುತ್ತಾರೆ. ಯಂತ್ರವೇನೋ ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲೂ ತಯಾರಾಗುತ್ತದೆ. 1982ರಲ್ಲಿ ಕೇರಳದ ಪರವೂರಿನ 50 ಮತಗಟ್ಟೆಗಳಲ್ಲಿ ಅದನ್ನು ಮೊದಲು ಬಳಸಿದಾಗ, ಕಾನೂನಿನ ಆಧಾರವಿಲ್ಲವೆಂದು 1984ರಲ್ಲಿ ಸುಪ್ರೀಂ ಕೋರ್ಟು ಅಲ್ಲಿ ಮರುಮತದಾನಕ್ಕೆ ಆದೇಶಿಸಿತು. ಕಾಯಿದೆಗೆ ತಿದ್ದುಪಡಿ ಆಮೇಲೆ ಬಂತು. ಆದರೆ ಆ ಯಂತ್ರ ಪ್ರತಿನಿಧಿಯನ್ನು ಆರಿಸುವುದಕ್ಕೆ, ಠರಾವು ಮಾಡುವುದಕ್ಕಲ್ಲ.

ನಮ್ಮ ಹರಪನಹಳ್ಳಿಯನ್ನೇ ನೋಡಿ. 1997ರಲ್ಲಿ ಬಳ್ಳಾರಿಯಿಂದ ತೆಗೆದು ಹೊಸ ದಾವಣಗೆರೆ ಜಿಲ್ಲೆಗೆ ಸೇರಿಸಿದರು. ದಾವಣಗೆರೆ ಹತ್ತಿರ, ಅಂದು ಮತ ಕೇಳಿದ್ದರೆ ನಾನೂ ಅದಕ್ಕೇ ಒತ್ತುತ್ತಿದ್ದೆ. 2013ರಲ್ಲಿ 371(ಜೆ) ವಿಧಿ ಜಾರಿಯಾದಾಗ ಬಳ್ಳಾರಿಯೂ ಸೇರಿ ಆರು ಜಿಲ್ಲೆಗಳ ಮಕ್ಕಳಿಗೆ ಓದು, ನೌಕರಿಗಳಲ್ಲಿ ಮೀಸಲಾತಿ ದೊರೆಯಿತು. ನಮ್ಮ ಮಕ್ಕಳು ಹೊರಗುಳಿದರು. ಹೋರಾಟದ ನಂತರ 2018ರಲ್ಲಿ ಬಳ್ಳಾರಿಗೆ ಮರಳಿದೆವು. 2021ರಿಂದ ವಿಜಯನಗರ ಜಿಲ್ಲೆ. ಮೂರು ಸಲವೂ ನಮ್ಮ ಮತ ಕೇಳಲಿಲ್ಲ, ಅದು ಕೊರತೆಯೇ.

ಆದರೆ 371(ಜೆ)ಯನ್ನೇ ರಾಜ್ಯದ ಎಲ್ಲರ ಮತಕ್ಕೆ ಹಾಕಿದ್ದರೆ? ಮೈಸೂರು, ಬೆಂಗಳೂರು ಕಡೆಯವರು ತಮ್ಮ ಮಕ್ಕಳ ಪಾಲು ಬಿಟ್ಟು ಒತ್ತುತ್ತಿದ್ದರೆಂದು ನನಗೆ ನಂಬಿಕೆಯಿಲ್ಲ. ಹೌದು, ಅಲ್ಲ ಎಂಬೆರಡೇ ಗುಂಡಿಗಳಲ್ಲಿ ಚೌಕಾಸಿಗೆ ಜಾಗವಿಲ್ಲ. ಸದನದಲ್ಲಿ ಕೂತವರು ಕೊಟ್ಟು ತೆಗೆದುಕೊಳ್ಳಬಲ್ಲರು.

ಜನರೇ ನೇರವಾಗಿ ಕೂಡುವ ಜಾಗ ಈಗಲೂ ಒಂದಿದೆ, 1993ರ ಪಂಚಾಯತ್ ರಾಜ್ ಕಾಯಿದೆಯ ಗ್ರಾಮಸಭೆ. ಮನೆ ಹಂಚಿಕೆಯ ಫಲಾನುಭವಿಗಳ ಪಟ್ಟಿ ಅಲ್ಲಿಗೆ ಬರುತ್ತದೆ. ಅಡಿಕೆ ಕೊಯ್ಲಿನ ನೆಪ ಹೇಳಿ ಅಲ್ಲಿಗೆ ಹೋಗದವರಲ್ಲಿ ನಮ್ಮ ಸದಸ್ಯರೂ ಇದ್ದಾರೆ.