ನಿತ್ಯೋತ್ಸವವೂ ಕಾಗಿಣಾ ತೀರವೂ

ಕಳೆದ ರಾಜ್ಯೋತ್ಸವದ ದಿನ ಸೇಡಂ ಪಟ್ಟಣದ ಒಂದು ಶಾಲೆಯ ಅಂಗಳದಲ್ಲಿ ಧ್ವಜವಂದನೆಯಾದ ತರುವಾಯ ಮಕ್ಕಳು ‘ನಿತ್ಯೋತ್ಸವ’ ಗೀತೆಯನ್ನು ಹಾಡಿದರು. ಹಾಡು ಮುಗಿದು ಸಿಹಿ ಹಂಚುವ ಹೊತ್ತಿಗೆ ಹುಡುಗನೊಬ್ಬನು ತನ್ನ ಉಪಾಧ್ಯಾಯರ ಬಳಿಗೆ ಬಂದು, “ಸರ, ಇದರಾಗ ನಮ್ಮ ಕಾಗಿಣಾ ಎಲ್ಲದ್ರಿ?” ಎಂದು ಕೇಳಿದನು. ಉಪಾಧ್ಯಾಯರು ನಕ್ಕು ಅವನ ಬೆನ್ನು ತಟ್ಟಿದರೇ ಹೊರತು ಉತ್ತರವನ್ನು ಕೊಡಲಿಲ್ಲ. ಸಮೀಪದಲ್ಲಿ ಕುಳಿತಿದ್ದ ನಮಗೂ ಆಗ ಉತ್ತರವು ಹೊಳೆಯಲಿಲ್ಲ. ಪ್ರಶ್ನೆಯು ಚಿಕ್ಕ ಬಾಯಿಂದ ಬಂದುದಾದರೂ ವಿಷಯವು ಚಿಕ್ಕದಲ್ಲವೆಂದು ತೋರಿದುದರಿಂದ ಅದನ್ನು ನಮ್ಮ ವಾಚಕ ಮಹಾಶಯರ ಮುಂದೆ ಅರಿಕೆ ಮಾಡುತ್ತಿದ್ದೇವೆ.

ಈ ಗೀತೆಯ ಪೂರ್ವವೃತ್ತಾಂತವು ಬಹುಜನರಿಗೆ ವಿದಿತವೇ ಸರಿ. ದೇವನಹಳ್ಳಿಯಲ್ಲಿ 1936ರಲ್ಲಿ ಜನಿಸಿದ ಶ್ರೀಮಾನ್ ಕೆ. ಎಸ್. ನಿಸಾರ್ ಅಹಮದರು ಭೂವಿಜ್ಞಾನದ ಅಧ್ಯಾಪಕರಾಗಿದ್ದರು. ಬೆಂಗಳೂರಿನಲ್ಲಿಯೂ ಶಿವಮೊಗ್ಗೆಯ ಸಹ್ಯಾದ್ರಿ ಕಾಲೇಜಿನಲ್ಲಿಯೂ ಪಾಠ ಹೇಳಿದರು. ಕಲ್ಲುಮಣ್ಣುಗಳ ಶಾಸ್ತ್ರವನ್ನು ಬಲ್ಲ ಇವರು ಬರೆದ ನಾಡಹಾಡಿಗೆ ಮೈಸೂರು ಅನಂತಸ್ವಾಮಿಯವರು ರಾಗವನ್ನು ಕೂಡಿಸಿದರು. 1978ರಲ್ಲಿ ‘ನಿತ್ಯೋತ್ಸವ’ವೆಂಬ ಹೆಸರಿನಲ್ಲಿಯೇ ಇವರ ಗೀತೆಗಳ ಧ್ವನಿಸುರುಳಿಯು ಹೊರಬಿದ್ದಿತು. ಕನ್ನಡದ ಸುಗಮ ಸಂಗೀತಕ್ಕೆ ಮೀಸಲಾದ ಮೊದಲನೆಯ ಕ್ಯಾಸೆಟ್ಟೆಂಬ ಕೀರ್ತಿಯು ಇದಕ್ಕೆ ಸಲ್ಲುವುದು.

ಇದಕ್ಕೆ ಮೊದಲು ಕವಿತೆಗಳನ್ನು ಹಾಡುವ ಪದ್ಧತಿಯು ನಮ್ಮಲ್ಲಿ ಇರಲಿಲ್ಲವೆಂದಲ್ಲ. ಪಿ. ಕಾಳಿಂಗರಾಯರು ಊರೂರು ತಿರುಗಿ ಕವಿಗಳ ಪದ್ಯಗಳನ್ನು ಸಭೆಗಳಲ್ಲಿ ಹಾಡಿ ಜನರ ಕಿವಿಯನ್ನು ಹದಗೊಳಿಸಿದ್ದರು. ಆದರೆ ಸಭೆಗೆ ಹೋದವನಿಗೆ ಮಾತ್ರ ಆ ಭಾಗ್ಯವು ದೊರೆಯುತ್ತಿತ್ತು. ಕ್ಯಾಸೆಟ್ಟಾದರೋ ಅಂಗಿಯ ಜೇಬಿನಲ್ಲಿ ಹಿಡಿಯುವಷ್ಟು ಚಿಕ್ಕದು. ಒಬ್ಬನು ಕೊಂಡರೆ ಹತ್ತು ಮನೆಗಳಿಗೆ ತಿರುಗುವಂತಹದು. ನಾವು ವಿದ್ಯಾರ್ಥಿಗಳಾಗಿದ್ದಾಗ ವಾಡಿ ಜಂಕ್ಷನ್ನಿನ ಹೊರಗಿನ ಚಹದಂಗಡಿಯೊಂದರಲ್ಲಿ, ಸಿಕಂದರಾಬಾದಿನ ಗಾಡಿಗಾಗಿ ಕಾಯುತ್ತ, ಹಿಂದಿ ಸಿನಿಮಾ ಪದಗಳ ನಡುವೆ ಈ ಹಾಡನ್ನು ಮೊದಲ ಬಾರಿಗೆ ಕೇಳಿದೆವು. ಅಂಗಡಿಯವನ ಮನೆಮಾತು ದಖ್ಖನಿ ಉರ್ದು. ಆತನು ಆ ಸುರುಳಿಯನ್ನು ತಿರುವಿ ಪುನಃ ಹಾಕಿದುದು ನಮಗೆ ಇಂದಿಗೂ ನೆನಪಿದೆ.

ವಿಲಾಯತಿಯಲ್ಲಿ ಹಾಡುಗಳ ಗೆಲವನ್ನು ವಾರವಾರವೂ ಪಟ್ಟಿ ಹಾಕಿ ಅಳೆಯುವ ಪದ್ಧತಿಯು 1952ರಿಂದಲೂ ಉಂಟು. ಐರ್ಲೆಂಡಿನ ಗಾಯಕಿ ಎನ್ಯಾ ಅವರ ‘ಒರಿನೋಕೋ ಫ್ಲೋ’ ಎಂಬ ಗೀತೆಯು, ದೇಶದೇಶಗಳ ಸ್ಥಳನಾಮಗಳನ್ನೇ ಪೋಣಿಸಿಕೊಂಡು, 1988ರಲ್ಲಿ ಆ ಪಟ್ಟಿಯ ಅಗ್ರಸ್ಥಾನದಲ್ಲಿ ಮೂರು ವಾರ ನಿಂತಿತು. ನಮ್ಮ ಕವಿಯ ಗೀತೆಗೆ ಅಂತಹ ಪಟ್ಟಿಯ ಆಸರೆ ಇರಲಿಲ್ಲ. ಶಾಲೆಯ ಪ್ರಾರ್ಥನೆ, ನವೆಂಬರ್ ಮಾಹೆಯ ವೇದಿಕೆ, ಆಕಾಶವಾಣಿಯ ಮುಂಜಾವು, ಇವೇ ಅದರ ಪಟ್ಟಿ. ಕ್ಯಾಸೆಟ್ಟಿನ ಕಾಲವು ಕಳೆದುಹೋಯಿತು, 1995ರಲ್ಲಿ ಅನಂತಸ್ವಾಮಿಯವರೂ 2020ರ ಮೇ 3ರಂದು ಕವಿಯೂ ತೀರಿಕೊಂಡರು. ಹಾಡು ಮಾತ್ರ ಉಳಿದಿದೆ. ಕವಿಯನ್ನು ಜನರು ‘ನಿತ್ಯೋತ್ಸವದ ಕವಿ’ ಎಂದೇ ಕರೆದರು. ಇದಕ್ಕಿಂತ ಹಿರಿದಾದ ಬಿರುದನ್ನು ಯಾವ ಸರಕಾರವು ಕೊಡಬಲ್ಲುದು?

ಇಷ್ಟಾದರೂ ಆ ಹುಡುಗನ ಪ್ರಶ್ನೆಯು ಉಳಿದೇ ಇದೆ. ಹಾಡಿನ ಆರಂಭದಲ್ಲಿ ಬರುವವು ಜೋಗ, ತುಂಗೆ, ಸಹ್ಯಾದ್ರಿಗಳು. ಬಳಿಕ ಮಲೆನಾಡಿನ ತೇಗ, ಗಂಧಗಳು. ಚಿತ್ತಾಪುರದ ತೊಗರಿಯ ಹೊಲ, ಶಹಾಬಾದಿನ ಹಾಸುಗಲ್ಲಿನ ಗಣಿ, ಚಿಂಚೋಳಿಯ ಕುರುಚಲು ಕಾಡು ಇವು ಅಲ್ಲಿ ಇಲ್ಲ. 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, ಉರ್ದುವಿನಲ್ಲಿ ಅರ್ಜಿ ಬರೆದು, 1956ರ ನವೆಂಬರ್ 1ರಂದು ಕನ್ನಡ ರಾಜ್ಯಕ್ಕೆ ಸೇರಿದ ನಮ್ಮ ಜನರಲ್ಲಿ, ‘ನಾಡು ನಮ್ಮದಾದರೂ ನಾಡಹಾಡಿನಲ್ಲಿ ನಾವಿಲ್ಲ’ ಎಂಬ ಕೊರಗು ಹುಟ್ಟಿದರೆ ಅದನ್ನು ಅಲ್ಪತನವೆನ್ನಲಾಗದು. ತೆಲಂಗಾಣದ ಗಡಿಗೆ ಹೊಂದಿಕೊಂಡಿರುವ ಸೇಡಂ, ಚಿಂಚೋಳಿಗಳಲ್ಲಿ ಇಂತಹ ಕೊರಗು ಬೆಳೆಯಗೊಡುವುದು ಹಿತವೂ ಅಲ್ಲ.

ಆದರೆ ಮೊದಲನೆಯ ನುಡಿಗೇ ನಿಂತುಬಿಡುವವನು ಹಾಡನ್ನು ಅರ್ಧ ಕೇಳಿದಂತಾಯಿತು. ಎರಡನೆಯ ನುಡಿಯಲ್ಲಿ ಕವಿಯು ಮಲೆನಾಡನ್ನು ಬಿಟ್ಟು ಇತಿಹಾಸಕ್ಕೆ ತಿರುಗುತ್ತಾನೆ. ಅಲ್ಲಿ ಸಿಂಹಾಸನಗಳಿವೆ, ಶಾಸನಗಳಿವೆ, ತಾಳೆಯೋಲೆಯ ಗ್ರಂಥಗಳಿವೆ, ದೇವಾಲಯದ ಗೋಡೆಗಳಿವೆ. ಇವು ಯಾವ ಊರಿನವು? ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ದಂಡೆಯ ಮೇಲಿರುವ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟವು. ಅಮೋಘವರ್ಷ ನೃಪತುಂಗನು ಆಳಿದುದೂ, ಅವನ ಆಶ್ರಯದಲ್ಲಿ ಒಂಬತ್ತನೆಯ ಶತಮಾನದಲ್ಲಿ ‘ಕವಿರಾಜಮಾರ್ಗ’ವು ಮೂಡಿದುದೂ ಅಲ್ಲಿಯೇ. 972ರಲ್ಲಿ ಪರಮಾರರ ಸೀಯಕನು ಆ ಪಟ್ಟಣವನ್ನು ಸೂರೆಗೊಂಡನು, ಗ್ರಂಥವನ್ನು ಸೂರೆಗೊಳ್ಳಲಾಗಲಿಲ್ಲ. ಚಿತ್ತಾಪುರದ ಮಗ್ಗುಲಿನ ನಾಗಾವಿಯಲ್ಲಿ ಹನ್ನೊಂದನೆಯ ಶತಮಾನದಲ್ಲಿ ಘಟಿಕಾಸ್ಥಾನವಿತ್ತು. ಅಲ್ಲಿಯ ಶಾಸನವು ಗುರುಗಳೊಡನೆ ಪುಸ್ತಕಭಂಡಾರಿಗಳನ್ನೂ ಉಲ್ಲೇಖಿಸುತ್ತದೆ. ಅದೇ ತಾಲ್ಲೂಕಿನ ಸನ್ನತಿಯಲ್ಲಿ ಅಶೋಕನ ಶಾಸನವೂ, ಕನಗನಹಳ್ಳಿಯಲ್ಲಿ ಅವನ ಹೆಸರನ್ನು ಕೊರೆದ ಶಿಲಾಫಲಕವೂ ದೊರೆತಿವೆ. ಹಾಡಿನ ಎರಡನೆಯ ನುಡಿಗೆ ಇದಕ್ಕಿಂತ ತಕ್ಕ ನೆಲವು ಎಲ್ಲಿದೆ?

ಇನ್ನೊಂದು ಸಂಗತಿಯೂ ವಿಚಾರಯೋಗ್ಯವಾಗಿದೆ. ಕಾವೇರಿಯಿಂದ ಗೋದಾವರಿಯವರೆಗೆ ನಾಡಿನ ಎಲ್ಲೆಯನ್ನು ಹೇಳಿದ ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನೆಲೆಗಳೆಂದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳನ್ನು ಎಣಿಸಿತು, ತಾನು ಹುಟ್ಟಿದ ರಾಜಧಾನಿಯನ್ನು ಆ ಎಣಿಕೆಯಲ್ಲಿ ಸೇರಿಸಲಿಲ್ಲ. ಹೆಸರು ಬರಲಿಲ್ಲವೆಂದು ಮಾನ್ಯಖೇಟವು ಕನ್ನಡದ ಹೊರಗಾಯಿತೆ? ಆದುದರಿಂದ ಹುಡುಗನಿಗೆ ನಾವು ಕೊಡುವ ಉತ್ತರವಿದು: ಅಪ್ಪಾ, ಹಾಡಿನಲ್ಲಿ ಕಾಗಿಣೆಯ ಹೆಸರಿಲ್ಲ, ಅವಳ ದಂಡೆಯ ಮೇಲೆ ಆದ ಕೆಲಸವಿದೆ.

ಆದರೆ ಉತ್ತರವನ್ನು ಹೇಳಿ ಸುಮ್ಮನಿರುವುದು ಸಾಲದು. ನಮ್ಮ ಶಿಕ್ಷಣಾಧಿಕಾರಿಗಳು ಮತ್ತು ಉಪಾಧ್ಯಾಯರು ಎರಡನೆಯ ನುಡಿಯನ್ನು ಕಲಿಸುವ ವಾರದಲ್ಲಿಯೇ ಮಕ್ಕಳನ್ನು ಮಳಖೇಡದ ಕೋಟೆಗೂ ನಾಗಾವಿಗೂ ಕರೆದೊಯ್ಯಲಿ. ಬಸ್ಸಿನ ವೆಚ್ಚವು ದೊಡ್ಡದಲ್ಲ. ಎರಡನೆಯದಾಗಿ, ಈ ಸೀಮೆಯಲ್ಲಿ ಹಾಡಿಲ್ಲವೆಂಬುದೂ ಸುಳ್ಳು. ಕಡಕೋಳ ಮಡಿವಾಳಪ್ಪನವರ ತತ್ತ್ವಪದಗಳು, ಅವರ ಶಿಷ್ಯರಾದ ಚೆನ್ನೂರ ಜಲಾಲಸಾಹೇಬರ ಪದಗಳು ಇಂದಿಗೂ ಭಜನೆಯಲ್ಲಿ ಏಕತಾರಿಯೊಡನೆ ಕೇಳಬರುತ್ತವೆ. ‘ನಿತ್ಯೋತ್ಸವ’ವನ್ನು ಮನೆಮನೆಗೆ ಮುಟ್ಟಿಸಿದ್ದು ಕವಿ, ರಾಗಕಾರ, ಧ್ವನಿಮುದ್ರಕ ಇವರ ಕೂಟವೇ. ಹಾಡುವ ಹಿರಿಯರು ಇರುವಾಗಲೇ ಅವರ ಧಾಟಿಗಳನ್ನು ಮುದ್ರಿಸಿಕೊಳ್ಳದಿದ್ದರೆ, ಮುಂದೆ ಪುಸ್ತಕದಲ್ಲಿ ಅಕ್ಷರವಿರುವುದು, ಕಂಠದಲ್ಲಿ ಪದವಿರುವುದಿಲ್ಲ. ಕೈಯಲ್ಲಿಯ ಫೋನೇ ಧ್ವನಿಯಂತ್ರವಾಗಿರುವ ಈ ಕಾಲದಲ್ಲಿ ಸಾಧನವಿಲ್ಲವೆಂಬ ನೆಪವು ನಡೆಯದು.

ಮೂರನೆಯ ನುಡಿಯಲ್ಲಿ ಕವಿಯು ಮತ್ಸರವಿಲ್ಲದ ಉದಾರ ಮನಸ್ಸನ್ನು ಕೊಂಡಾಡಿದ್ದಾನೆ. ಕನ್ನಡ, ತೆಲುಗು, ಉರ್ದು, ಲಂಬಾಣಿ ಮಾತುಗಳು ಒಂದೇ ಸಂತೆಯಲ್ಲಿ ಕೂಡುವ ನಮ್ಮ ಸೀಮೆಗೆ ಆ ಗುಣವು ಹೊಸದಲ್ಲ. ಬರುವ ನವೆಂಬರಿನಲ್ಲಿ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಮಕ್ಕಳು ಈ ಗೀತೆಯನ್ನು ಪರವೂರಿನ ಹಾಡೆಂದು ಕಂಠಪಾಠ ಮಾಡದೆ, ತಮ್ಮ ಮನೆಯ ಹಾಡೆಂದು ಹಾಡುವಂತೆ ಮಾಡುವ ಭಾರವು ಹಿರಿಯರಾದ ನಮ್ಮೆಲ್ಲರ ಮೇಲಿದೆ.