ಮಳೆಗಾಲದ ಕೆಮ್ಮೋ, ಇಂಜೆಕ್ಷನ್ನಿನ ಕೆಮ್ಮೋ?

ಕಕ್ಕಡದ ಹದಿನೆಂಟನೇ ದಿನ, ಅಂದರೆ ಆಗಸ್ಟ್ 3ರ ಆಸುಪಾಸಿನಲ್ಲಿ, ಕೊಡಗಿನ ಮನೆಗಳಲ್ಲಿ ಮದ್ದುಸೊಪ್ಪಿನ ಪಾಯಸ ಮಾಡುತ್ತಾರೆ. ಅದನ್ನು ತಿಂದ ಮೇಲೆ ಮೂತ್ರ ಕೆಂಪಗಾದರೆ ಇಲ್ಲಿ ಯಾರೂ ಗಾಬರಿಪಡುವುದಿಲ್ಲ. ಆದರೆ ಮನೆಯಲ್ಲಿ ಕ್ಯಾನ್ಸರ್‌ಗೆ ಇಮ್ಯುನೋಥೆರಪಿ ತೆಗೆದುಕೊಳ್ಳುತ್ತಿರುವವರಿದ್ದರೆ ಮೂತ್ರದ ಬಣ್ಣವನ್ನು ಅಷ್ಟು ಹಗುರವಾಗಿ ಬಿಡುವಂತಿಲ್ಲ. ಕಡುಬಣ್ಣದ ಮೂತ್ರ ಯಕೃತ್ತಿನ ಉರಿಯೂತದ ಗುರುತೂ ಆಗಿರಬಹುದು. ಪಾಯಸ ತಿಂದದ್ದನ್ನು ವೈದ್ಯರಿಗೆ ಹೇಳಿ, ರಕ್ತಪರೀಕ್ಷೆ ಮಾಡಿಸುವುದೇ ಸರಿ.

ತಪ್ಪು ಕಲ್ಪನೆ: "ಇದು ರೋಗನಿರೋಧಕ ಶಕ್ತಿ ಹೆಚ್ಚಿಸುವ ಇಂಜೆಕ್ಷನ್. ಕೀಮೋ ಥರ ತೊಂದರೆ ಇಲ್ಲ."

ಸತ್ಯ: ನಮ್ಮನ್ನು ಕಾಯುವ ಟಿ ಕೋಶಗಳು ನಮ್ಮದೇ ಅಂಗಗಳ ಮೇಲೆ ಬೀಳದಂತೆ ದೇಹದಲ್ಲಿ ಒಂದು ಬ್ರೇಕ್ ಇದೆ. ಕ್ಯಾನ್ಸರ್ ಗಡ್ಡೆ ಅದೇ ಬ್ರೇಕನ್ನು ಒತ್ತಿ ಹಿಡಿದು ತಪ್ಪಿಸಿಕೊಳ್ಳುತ್ತದೆ. ನಿವೊಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್‌ನಂಥ ಔಷಧಗಳು ಬ್ರೇಕ್ ಬಿಡಿಸುತ್ತವೆ. ಇದಕ್ಕೆ ದಾರಿ ತೋರಿದ ಜೇಮ್ಸ್ ಆಲಿಸನ್ ಮತ್ತು ತಾಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಂತು. ಬ್ರೇಕ್ ಬಿಟ್ಟಮೇಲೆ ಟಿ ಕೋಶಗಳು ಕರುಳು, ಶ್ವಾಸಕೋಶ, ಯಕೃತ್ತು, ಥೈರಾಯ್ಡ್, ಚರ್ಮ ಯಾವುದರ ಮೇಲಾದರೂ ತಿರುಗಬಹುದು; ಅಪರೂಪಕ್ಕೆ ಹೃದಯದ ಮೇಲೂ. ಹಾಗಾಗಿ "ಶಕ್ತಿ ಬರಲಿ" ಎಂದು ಅಮೃತಬಳ್ಳಿ ಕಷಾಯ ಕುಡಿಸುವ ಮೊದಲು ವೈದ್ಯರನ್ನು ಕೇಳಿ. ಕೋವಿಡ್ ಕಾಲದಲ್ಲಿ ಅದನ್ನು ಕುಡಿದ ಕೆಲವರಲ್ಲಿ ಯಕೃತ್ತಿಗೆ ಪೆಟ್ಟು ಬಿದ್ದದ್ದನ್ನು ಮುಂಬೈನ ವೈದ್ಯರು ವರದಿ ಮಾಡಿದ್ದಾರೆ.

ತಪ್ಪು ಕಲ್ಪನೆ: "ಇಂಜೆಕ್ಷನ್ ಆಗಿ ವಾರ ಕಳೆಯಿತು, ಇನ್ನು ಭಯವಿಲ್ಲ."

ಸತ್ಯ: ತೊಂದರೆ ವಾರಗಳ ನಂತರ, ತಿಂಗಳುಗಳ ನಂತರ, ಚಿಕಿತ್ಸೆ ನಿಲ್ಲಿಸಿದ ಮೇಲೂ ಬರಬಹುದು. ನನಗೆ ಹೆಚ್ಚು ಆತಂಕ ಇರುವುದು ಇಲ್ಲೇ. ಕೊಡಗಿನವರು ಈ ಚಿಕಿತ್ಸೆಗೆ ಹೆಚ್ಚಾಗಿ ಮೈಸೂರಿಗೋ ಮಂಗಳೂರಿಗೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಹೋಗುತ್ತಾರೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಬೆಂಗಳೂರಿಗೆ ಅದರ ಎರಡರಷ್ಟು. ಮೂರು ವಾರಕ್ಕೊಮ್ಮೆ ಇಂಜೆಕ್ಷನ್ ಎಂದರೆ ಉಳಿದ ಇಪ್ಪತ್ತು ದಿನ ರೋಗಿಯನ್ನು ನೋಡಿಕೊಳ್ಳುವವರು ಮನೆಯವರೇ. ಮಳೆಗಾಲದಲ್ಲಿ ತೋಟದ ಲೈನ್ ಮನೆಯಲ್ಲಿ ಎಲ್ಲರಿಗೂ ಕೆಮ್ಮು, ಎಲ್ಲರಿಗೂ ಭೇದಿ. ರೋಗಿಯ ಕೆಮ್ಮೂ ಅದರೊಳಗೆ ಸೇರಿಹೋಗುತ್ತದೆ. ಹೊಸದಾಗಿ ಒಣಕೆಮ್ಮು ಬಂದರೆ, ಮೊದಲು ಸಲೀಸಾಗಿ ಹತ್ತುತ್ತಿದ್ದ ಏರಿನಲ್ಲಿ ಉಸಿರು ಕಟ್ಟಿದರೆ, ಅದು ಶ್ವಾಸಕೋಶದ ಉರಿಯೂತ ಇರಬಹುದು. ಭೇದಿಯನ್ನು ಎಣಿಸಿಡಿ: ದಿನದ ವಾಡಿಕೆಗಿಂತ ನಾಲ್ಕು ಸಲ ಹೆಚ್ಚಾದರೆ ಅಂದೇ ಆಸ್ಪತ್ರೆಗೆ ಫೋನ್ ಮಾಡಿ, ಏಳು ಸಲ ಹೆಚ್ಚಾದರೆ ಹೊರಟುಬಿಡಿ. ಅಂಗಡಿಯ ಮಾತ್ರೆ ನುಂಗಿ ಕಾಯುವ ಹೊತ್ತಲ್ಲ. ವಿಪರೀತ ಸುಸ್ತು, ತಲೆಸುತ್ತು ಇದ್ದರೆ ಹಾರ್ಮೋನ್ ಗ್ರಂಥಿಗಳ ತೊಂದರೆ ಇರಬಹುದು. ತೀರದ ಬಾಯಾರಿಕೆ, ಪದೇಪದೇ ಮೂತ್ರ ಇದ್ದರೆ ಹೊಸದಾಗಿ ಸಕ್ಕರೆ ಕಾಯಿಲೆ ಇರಬಹುದು. ಥೈರಾಯ್ಡ್, ಯಕೃತ್ತು, ಮೂತ್ರಪಿಂಡ, ಸಕ್ಕರೆಯ ಪರೀಕ್ಷೆಗಳನ್ನು ಮತ್ತೆ ಮತ್ತೆ ಬರೆದುಕೊಡುವುದು ಇದಕ್ಕೇ. ಖರ್ಚೆಂದು ಬಿಡಬೇಡಿ.

ತಪ್ಪು ಕಲ್ಪನೆ: "ನಮ್ಮದು ಸಣ್ಣ ಡೋಸು."

ಸತ್ಯ: ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ತಲೆ, ಕುತ್ತಿಗೆ ಕ್ಯಾನ್ಸರ್‌ಗೆ ಕೊಡುತ್ತಿದ್ದ ಔಷಧಗಳ ಜೊತೆಗೆ ಮೂರು ವಾರಕ್ಕೊಮ್ಮೆ ಕೇವಲ 20 ಮಿಲಿಗ್ರಾಂ ನಿವೊಲುಮ್ಯಾಬ್ ಸೇರಿಸಿ ನೋಡಿದರು. ಒಂದು ವರ್ಷದ ನಂತರ ಬದುಕಿದ್ದವರ ಪ್ರಮಾಣ ಶೇ. 16ರಿಂದ ಶೇ. 43ಕ್ಕೆ ಏರಿತು. ಬಡವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ಆದರೆ ಡೋಸು ಸಣ್ಣದೆಂದು ನಿಗಾ ಸಡಿಲಿಸುವಂತಿಲ್ಲ.

ತಪ್ಪು ಕಲ್ಪನೆ: "ಸ್ಟೀರಾಯ್ಡ್ ಕೊಟ್ಟರೆ ಚಿಕಿತ್ಸೆಯೆಲ್ಲ ನೀರುಪಾಲು."

ಸತ್ಯ: ಕೆರಳಿದ ಟಿ ಕೋಶಗಳನ್ನು ತಣಿಸಲು ಸ್ಟೀರಾಯ್ಡೇ ಮೊದಲ ಮದ್ದು. ಅಡ್ಡಪರಿಣಾಮಕ್ಕೆಂದು ಕೊಟ್ಟ ಸ್ಟೀರಾಯ್ಡ್‌ನಿಂದ ಕ್ಯಾನ್ಸರ್ ಚಿಕಿತ್ಸೆಯ ಫಲ ಹಾಳಾಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ತಡಮಾಡಿದರೆ ಜೀವಕ್ಕೇ ಅಪಾಯ. ಭೇದಿ ನಿಂತಿತೆಂದು ಮಾತ್ರೆಯನ್ನು ಒಮ್ಮೆಲೇ ಬಿಡಬಾರದು. ವಾರಗಟ್ಟಲೆ, ಸ್ವಲ್ಪ ಸ್ವಲ್ಪವೇ ಇಳಿಸಬೇಕು.

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿದಾಗ ಮಂಗಳೂರಿನ ನೇರ ದಾರಿಯೇ ಇಲ್ಲವಾಗಿತ್ತು. ಅಂಥ ದಿನ ರೋಗಿಯನ್ನು ಮೊದಲು ನೋಡುವವರು ಹತ್ತಿರದ ವೈದ್ಯರು. ಅವರಿಗೆ "ಕೀಮೋ ಆಗುತ್ತಿದೆ" ಎನ್ನಬೇಡಿ, "ಇಮ್ಯುನೋಥೆರಪಿ" ಎಂದೇ ಹೇಳಿ. ಔಷಧದ ಹೆಸರು, ಕೊನೆಯ ಇಂಜೆಕ್ಷನ್ನಿನ ದಿನಾಂಕ, ಕ್ಯಾನ್ಸರ್ ವೈದ್ಯರ ಫೋನ್ ನಂಬರ್ ಬರೆದ ಚೀಟಿ ರೋಗಿಯ ಜೇಬಿನಲ್ಲಿರಲಿ. ಅದರ ಇನ್ನೊಂದು ಪ್ರತಿ ಮನೆಯ ಬಾಗಿಲ ಹಿಂದೆ ಅಂಟಿಸಿರಲಿ.